ಕಿತ್ತಳೆ ದಾರದ ಕರಡಿ

ನನ್ನ ಕೈಗೆ ಕತ್ತರಿ ಸಿಕ್ಕರೆ ಮನೆಯಲ್ಲಿ ಬಟ್ಟೆ ಉಳಿಯುವುದಿಲ್ಲ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಮಗಳ ಎರಡನೆಯ ಹುಟ್ಟುಹಬ್ಬ ಕಳೆದ ಮೇಲೆ ಆ ಮಾತನ್ನು ಅವರಾಗಿಯೇ ಬಿಟ್ಟರು. ಬಿಡಿ ಎಂದು ನಾನು ಹೇಳಿರಲಿಲ್ಲ.

ರಾಯದುರ್ಗದ ನಮ್ಮ ಓಣಿಯಲ್ಲಿ ಹೆಚ್ಚುಕಡಿಮೆ ಮನೆಗೊಂದು ಹೊಲಿಗೆ ಮಿಷನ್ನು. ಬೆಳಗಾದರೆ ಜೀನ್ಸ್ ಪ್ಯಾಂಟಿನ ತುಂಡುಗಳ ಗಂಟು ಬರುತ್ತದೆ, ಸಂಜೆಗೆ ಹೊಲಿದು ಕೊಡಬೇಕು. ಮಡಕಶಿರ ಕಡೆಯಿಂದ ಮದುವೆಯಾಗಿ ಬಂದಾಗ ನನಗೆ ಗುಂಡಿ ಹಚ್ಚುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಪಕ್ಕದ ಮನೆಯಾಕೆಯ ಹತ್ತಿರ ಕಲಿತೆ. ಐದಾರು ವರ್ಷದಲ್ಲಿ ಜೇಬಿನ ಮೇಲಿನ ಕಿತ್ತಳೆ ದಾರದ ಜೋಡಿ ಹೊಲಿಗೆಯನ್ನು ನನ್ನಷ್ಟು ನೇರವಾಗಿ ಹಾಕುವವರು ಈ ಓಣಿಯಲ್ಲಿ ಇಲ್ಲ ಎನ್ನುವಂತಾಯಿತು. ಅದು ಜನರ ಮಾತು, ಆದರೆ ಎಲ್ಲರಿಗಿಂತ ಹೆಚ್ಚಾಗಿ ನಂಬಿದವಳು ನಾನು. ನನ್ನ ಜಂಬದ ಬೇರು ಅಲ್ಲಿದೆ.

ನನ್ನ ಗಂಡ ಶಾಲೆಯ ಮೇಷ್ಟ್ರು. ಒಂದು ದಿನ ಮಗಳಿಗೆಂದು ದಪ್ಪ ರಟ್ಟಿನ ಹಾಳೆಗಳ ಚಿತ್ರದ ಪುಸ್ತಕ ತಂದರು. ಜೇನು ಹುಡುಕಿಕೊಂಡು ಹೊರಟ ಒಂದು ಕರಡಿ ಮರಿಯ ಕಥೆ. ದಾರಿಯಲ್ಲಿ ಅಳಿಲು ಸಿಗುತ್ತದೆ, ಮೊಲ ಸಿಗುತ್ತದೆ, ಹೊಳೆ ಅಡ್ಡ ಬರುತ್ತದೆ. ನಮ್ಮದು ತೆಲುಗು ಸೀಮೆಯ ಊರು, ಪುಸ್ತಕದ ಅಕ್ಷರವೂ ತೆಲುಗಿನದು. ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಊರಿನಿಂದ ನನ್ನ ಅಮ್ಮ ಫೋನಿನಲ್ಲಿ ಹೇಳಿದರೆ ಅದೇ ಕರಡಿ ಗುಡಿಬಂಡೆ ಕಡೆಯ ನಮ್ಮ ಹೊಲಕ್ಕೆ ಇಳಿದು ಕಡಲೆಕಾಯಿ ಗಿಡ ಕಿತ್ತು ತಿನ್ನುತ್ತಿತ್ತು. ಮಗಳು ಎರಡನ್ನೂ ಬಾಯಿ ಬಿಟ್ಟುಕೊಂಡು ಕೇಳುವಳು, ಆಮೇಲೆ ಪುಸ್ತಕದ ಮೂಲೆ ಕಡಿಯುವಳು. ಹುಟ್ಟುಹಬ್ಬಕ್ಕೆ ಮನೆಯನ್ನೇ ಆ ಪುಸ್ತಕ ಮಾಡಿಬಿಡಬೇಕೆಂದು ನಾನು ಹಟ ಹಿಡಿದೆ. ಗಂಡನ ಶಾಲೆಯವರು ಬರುತ್ತಾರೆ, ಓಣಿಯವರು ಬರುತ್ತಾರೆ, ನೋಡಿ ಬೆರಗಾಗಬೇಕು.

ಎರಡು ವಾರ ಅದೇ ಕೆಲಸ. ಗೋಡೆಗೊಂದು ಪುಟ. ಹಳೆಯ ಡಬ್ಬಿಗಳ ರಟ್ಟಿನಿಂದ ಜೇನಿನ ಮರ, ಹಸಿರು ಲೈನಿಂಗ್ ಬಟ್ಟೆಯ ಎಲೆ, ಉಳಿದ ನೀಲಿ ಜೀನ್ಸ್ ಚೂರುಗಳನ್ನೆಲ್ಲ ಸೇರಿಸಿ ಹೊಲಿದು ಬಾಗಿಲಿನಿಂದ ನಡುಮನೆಯ ತನಕ ನೆಲದ ಮೇಲೆ ಹೊಳೆ. ಬರುವ ಮಕ್ಕಳಿಗೆಲ್ಲ ಮೊಲದ ಕಿವಿ, ಅಳಿಲಿನ ಬಾಲ. ಹೊಳೆ ಚೆನ್ನಾಗಿ ಬಂದಿತ್ತು, ಅದನ್ನು ಈಗಲೂ ಹೇಳುತ್ತೇನೆ.

ಆ ಗಡಿಬಿಡಿಯ ನಡುವೆ ಅಮ್ಮ ಫೋನ್ ಮಾಡಿದಳು. ಮಿಷನ್ನು ನಿಲ್ಲಿಸದೆ, ಫೋನನ್ನು ಹೆಗಲಿಗೆ ಒತ್ತಿ ಹಿಡಿದು ಕೇಳಿದೆ.

"ಹೋದ್ ವರ್ಸ ಮಗೀಗೆ ಜ್ವರ ಬಂದು ಗದ್ದಿಗೆ ಮ್ಯಾಲೆ ಕೂರ್ಸಾಕೆ ಆಗ್ಲಿಲ್ಲ. ಈ ಸರಿ ಕಂಬ್ಳಿ ನಾನೇ ತತ್ತೀನಿ. ಆರತಿ ಮಾಡ್ಬುಟ್ಟು ಆಮ್ಯಾಕೆ ನಿನ್ ಕೇಕು-ಗೀಕು ಕುಯ್ಕೊ. ಮರೀಬ್ಯಾಡ ಕಣವ್ವ."

"ಹೂಂ" ಅಂದೆ.

ನಮ್ಮ ತವರಿನ ಕರೀ ಕಂಬಳಿಯ ವಿಷಯ ಇಲ್ಲಿ ಹೇಳಬೇಕು. ನನ್ನ ಅಜ್ಜನಿಗೆ ಕುರಿ ಹಿಂಡು ಇದ್ದ ಕಾಲದಲ್ಲಿ ನಮ್ಮದೇ ಕುರಿಗಳ ಉಣ್ಣೆ ಕೊಟ್ಟು ಅಮರಾಪುರದ ಹತ್ತಿರ ನೇಯಿಸಿದ್ದು. ನೇಯುವವರು ಹಚ್ಚಿದ ಹುಣಸೆ ಬೀಜದ ಗಂಜಿ ಕುಡಿದು ತಗಡಿನಷ್ಟು ಬಿರುಸಾಗಿತ್ತು. ಯಾರೂ ಹೊದೆಯುತ್ತಿರಲಿಲ್ಲ. ಮನೆಯಲ್ಲಿ ಮಗು ಹುಟ್ಟಿದಾಗ, ಅದಕ್ಕೆ ವರ್ಷ ತುಂಬಿದಾಗ, ಮದುವೆಯಾದಾಗ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೆ ನಾಲ್ಕು ಕಾಳು ಅಕ್ಕಿ ಇಟ್ಟು, ಅದರ ಮೇಲೆ ಕೂರಿಸಿ ಆರತಿ ಎತ್ತುತ್ತಾರೆ. ಅದೇ ಗದ್ದಿಗೆ. ಅಮ್ಮ ಸೊಸೆಯಾಗಿ ಬಂದು ಕೂತಿದ್ದು ಅದರ ಮೇಲೆ. ನನ್ನ ತೊಟ್ಟಿಲು, ನನ್ನ ತಮ್ಮನ ತೊಟ್ಟಿಲು, ನನ್ನ ಮದುವೆ, ಎಲ್ಲಕ್ಕೂ ಅದೇ. ಒಂದೇ ಒಂದು ಕಟ್ಟುಪಾಡು: ಮಗ್ಗದಿಂದ ಹೇಗೆ ಬಂತೋ ಹಾಗೇ ಇರಬೇಕು, ಕತ್ತರಿ ಬೀಳಬಾರದು. ಕತ್ತರಿ ಬಿದ್ದರೆ ಅದು ಕಂಬಳಿ ಅಷ್ಟೇ, ಗದ್ದಿಗೆಗೆ ಬಾರದು.

ಅಮ್ಮ ಮೂರು ದಿನ ಮುಂಚೆ ಎರಡು ಬಸ್ಸು ಬದಲಿಸಿ ಬಂದಳು. ಒಂದು ಚೀಲದಲ್ಲಿ ಕಡಲೆಕಾಯಿ, ರಾಗಿ ಹಿಟ್ಟು. ಇನ್ನೊಂದರಲ್ಲಿ ಕಂಬಳಿ, ಮಡಿಕೆಗಳ ನಡುವೆ ಬೇವಿನ ಸೊಪ್ಪು. "ಇದು ಮ್ಯಾಲಿರ್ಲಿ" ಎಂದು ಸಜ್ಜೆಯ ಮೇಲೆ ಏರಿಸಿದಳು. ನಾನು ತಲೆ ಎತ್ತಿ ನೋಡಿದೆ, ಮತ್ತೆ ಎಲೆ ಕತ್ತರಿಸತೊಡಗಿದೆ.

ಹುಟ್ಟುಹಬ್ಬದ ಹಿಂದಿನ ದಿನ ಫೋನಿನಲ್ಲಿ ತರಿಸಿದ್ದ ಕರಡಿ ವೇಷ ಬಂತು. ಬಿಚ್ಚಿ ನೋಡಿದರೆ ಆರು ತಿಂಗಳ ಕೂಸಿನ ಅಳತೆಯದು.

"ಇದು ಆಕಿ ಕಾಲಿಗೂ ಸಾಲಂಗಿಲ್ಲ. ಬಿಡು, ಫ್ರಾಕ್ ಹಾಕು, ಸಾಕು. ಯಾಕ ಇಷ್ಟ ತಲಿ ಕೆಡಿಸ್ಕೊಂತಿ?" ಎಂದು ಗಂಡ ನಕ್ಕರು.

"ಕರಡೀನೇ ಇಲ್ದೆ ಕರಡಿ ಕಥೆ ಹೆಂಗಾಗ್ತದ್ರೀ?" ಎಂದು ನಾನು ರೇಗಿದೆ. ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮಧ್ಯಾಹ್ನ ಅಮ್ಮ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬೆಟ್ಟದ ಕಡೆ ಕೋತಿ ತೋರಿಸಲು ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಪೆಟ್ಟಿಗೆ, ಕಪಾಟು ಎಲ್ಲ ಜಾಲಾಡಿದೆ. ಕರಡಿಯ ಬಣ್ಣದ ಬಟ್ಟೆ ಒಂದೂ ಇಲ್ಲ. ಆಗ ಸಜ್ಜೆಯ ಮೇಲಿನ ಚೀಲ ಕಣ್ಣಿಗೆ ಬಿತ್ತು.

ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಫೋನಿನಲ್ಲಿ ಹೇಳಿದ್ದು ಕಿವಿಗೆ ಬಿದ್ದಿತ್ತು. ಕಂಬಳಿಯನ್ನು ಕೆಳಗೆ ಇಳಿಸುವಾಗಲೂ ನೆನಪಿತ್ತು. ಆದರೆ ನನ್ನ ತಲೆ ಒಳಗೊಳಗೇ ವಕೀಲಿ ಮಾಡುತ್ತಿತ್ತು: ಅಮ್ಮ ತಂದು ನನ್ನ ಮನೆಯಲ್ಲಿಟ್ಟ ಮೇಲೆ ಅದು ನನ್ನದೇ ಅಲ್ಲವೇ? ಇಷ್ಟು ದೊಡ್ಡದರಲ್ಲಿ ಒಂದು ಮೂಲೆ ಹೋದರೆ ಏನು ಮಹಾ? ಮಡಿಸಿ ಹಾಸಿದರೆ ಯಾರಿಗೆ ಕಾಣುತ್ತದೆ? ಯಾವ ಕಾಲದ ಮಾತು ಇದೆಲ್ಲ? ಹಾಸಿ ಅಳತೆ ಹಾಕಿದೆ, ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ದೊಡ್ಡ ಕತ್ತರಿಗೂ ಅದು ಸುಲಭಕ್ಕೆ ಬಗ್ಗಲಿಲ್ಲ. ಎರಡು ಕೈಯಲ್ಲೂ ಹಿಡಿದು ಅದುಮಿದೆ. ಮೊದಲು ಒಂದು ಮೂಲೆ ಸಾಕು ಅಂದುಕೊಂಡಿದ್ದೆ. ಟೋಪಿಗೆ ಸಾಲದೆ ನಡುವಿಗೂ ಕೈ ಹಾಕಿದೆ. ಕಪ್ಪು ದಾರ ಮುಗಿದಿತ್ತು, ಮಿಷನ್ನಿನಲ್ಲಿ ಇದ್ದದ್ದು ಜೀನ್ಸಿನ ಕಿತ್ತಳೆ ದಾರ. ಅದರಲ್ಲೇ ಹೊಲಿದೆ. ಕಪ್ಪಿನ ಮೇಲೆ ಕಿತ್ತಳೆ ಜೋಡಿ ಹೊಲಿಗೆ ಚಂದ ಕಂಡಿತು. ಸಂತೋಷವೂ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಉಳಿದದ್ದನ್ನು ಸುತ್ತಿ ಮಿಷನ್ನಿನ ಕೆಳಗೆ ತಳ್ಳಿ, ಚೀಲವನ್ನು ಮತ್ತೆ ಸಜ್ಜೆಗೆ ಏರಿಸಿದೆ.

ಮರುದಿನ ಸಂಜೆ ಜನ ಬರತೊಡಗಿದರು. ಮಕ್ಕಳು ಚಪ್ಪಲಿ ಬಿಟ್ಟು ಜೀನ್ಸ್ ಹೊಳೆಯಲ್ಲಿ ಈಜಿದರು. ಅಮ್ಮ ಆರತಿ ತಟ್ಟೆ ಹಿಡಿದುಕೊಂಡು ಜೇನಿನ ಮರದ ಕೆಳಗೆ ಕೂತಿದ್ದಳು, ಹಳೆಯ ನೂಲಿನ ಸೀರೆಯಲ್ಲಿ. ನಾನು ಫೋಟೋದ ಚೌಕಟ್ಟನ್ನು ಕಣ್ಣಲ್ಲೇ ಅಳೆಯುತ್ತ, "ಅಮ್ಮಾ, ಅಲ್ಲಿ ಕೂರ್ಬೇಡ, ಫೋಟೋಕ್ಕೆ ಅಡ್ಡ ಬರ್ತೀಯ" ಅಂದೆ. ಅಮ್ಮ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಆಮೇಲೆ ಏನೋ ನೆನಪಾಗಿ ಸ್ಟೂಲು ಹತ್ತಿ ಸಜ್ಜೆಯ ಮೇಲಿನ ಚೀಲ ತೆಗೆದಳು. ಅದು ಹಗುರವಾಗಿತ್ತು. ಒಳಗೆ ಬೇವಿನ ಸೊಪ್ಪು ಮಾತ್ರ ಇತ್ತು.

ಅದೇ ಹೊತ್ತಿಗೆ ನಾನು ಮಗಳನ್ನು ಕೋಣೆಯಿಂದ ಹೊರಗೆ ಕರೆತಂದೆ. ಜನ ಚಪ್ಪಾಳೆ ತಟ್ಟಿದರು.

"ಎಷ್ಟ ಚೆಂದ ಮಾಡೀರಿ! ಖರೇ ಕರಡಿ ಆಗ್ಯಾಳ ನೋಡ್ರಿ!" ಎಂದರು ಗಂಡನ ಶಾಲೆಯ ಮೇಡಂ ಒಬ್ಬರು.

ಅಮ್ಮ ಸ್ಟೂಲಿನಿಂದ ಇಳಿದು ಬಂದಳು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ತೋಳಿನ ಅಂಚನ್ನು ಬೆರಳಲ್ಲಿ ಸವರಿದಳು. ಕಿತ್ತಳೆ ದಾರದ ಮೇಲೆ ಬೆರಳು ಕೊನೆಯ ತನಕ ಹೋಯಿತು. ಬೈಯುತ್ತಾಳೆ ಎಂದು ನಾನು ಕಾದೆ. ಅಷ್ಟು ಜನರ ಎದುರು ಬೈದಿದ್ದರೆ ನಾನೂ ತಿರುಗಿ ಏನೋ ಅನ್ನುತ್ತಿದ್ದೆ, ಅಲ್ಲಿಗೆ ಮುಗಿದು ಹೋಗುತ್ತಿತ್ತು.

"ಹೊಲಿಗೆ ಬಿಗಿಯಾಗೈತೆ ಕಣವ್ವ. ಎಲ್ಲೂ ಬಿಚ್ಚಾಕಿಲ್ಲ" ಎಂದಳು.

ಮಗಳಿಗೆ ಐದು ನಿಮಿಷದಲ್ಲಿ ಮೈ ಕಡಿತ ಶುರುವಾಯಿತು. ಆ ಉಣ್ಣೆ ದೊಡ್ಡವರ ಚರ್ಮಕ್ಕೇ ಚುಚ್ಚುತ್ತದೆ, ಅವಳದು ಎರಡು ವರ್ಷದ ಕುತ್ತಿಗೆ. ಟೋಪಿ ಕಿತ್ತೆಸೆದಳು, ನೆಲದ ಮೇಲೆ ಬಿದ್ದು ಹೊರಳಾಡಿದಳು, ಕಿರುಚಿದಳು. ನಾನು ಇನ್ನೊಂದೇ ಫೋಟೋ, ಇನ್ನೊಂದೇ ಎಂದು ಹಿಡಿದುಕೊಂಡೆ. ಅಮ್ಮ ನನ್ನ ಕೈಯಿಂದ ಅವಳನ್ನು ಬಿಡಿಸಿಕೊಂಡು ವೇಷ ಕಳಚಿ, ಕೆಂಪಾದ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಅಷ್ಟಕ್ಕೆ ಕರಡಿಯ ಕಥೆ ಮುಗಿಯಿತು. ಆಮೇಲೆ ಅಮ್ಮ ಒಂದು ಮಣೆ ಹಾಕಿ, ಮಣೆಯನ್ನು ಅಂಗೈಯಿಂದ ಎರಡು ಸಲ ಒರೆಸಿ, ಬರೀ ಚಡ್ಡಿಯಲ್ಲಿದ್ದ ಮೊಮ್ಮಗಳನ್ನು ಕೂರಿಸಿ ಆರತಿ ಎತ್ತಿದಳು. ನಾನು ಕೇಕಿನ ಡಬ್ಬಿ ಬಿಚ್ಚುತ್ತಿದ್ದೆ.

ಬೆಳಿಗ್ಗೆ ಎದ್ದಾಗ ಅಮ್ಮ ಮಿಷನ್ನಿನ ಕೆಳಗೆ ಕೂತು ಕಂಬಳಿಯ ಚೂರುಗಳನ್ನು ಆಯುತ್ತಿದ್ದಳು. ಬೆರಳುದ್ದದ್ದನ್ನೂ ಬಿಡಲಿಲ್ಲ. ನಡುವೆ ತೂತಾದ ಕಂಬಳಿಯನ್ನು ಬಿಡಿಸಿ ಒಮ್ಮೆ ನೋಡಿ, ಚೂರುಗಳನ್ನೆಲ್ಲ ಅದರೊಳಗೇ ಇಟ್ಟು ಮಡಿಸಿ ಚೀಲಕ್ಕೆ ಹಾಕಿದಳು. ಕರಡಿ ವೇಷವನ್ನು ಮಾತ್ರ ಮುಟ್ಟಲಿಲ್ಲ. "ಅದು ಮಗೀನ್ ಬಟ್ಟೆ, ಇಲ್ಲೇ ಇರ್ಲಿ" ಎಂದಳು. ನಾನು ಬಸ್‌ಸ್ಟ್ಯಾಂಡಿನ ತನಕ ಹೋದೆ. ದಾರಿಯುದ್ದಕ್ಕೂ ತಪ್ಪಾಯಿತು ಎನ್ನುವ ಮಾತು ನಾಲಿಗೆಯ ಮೇಲೇ ಇತ್ತು. ಬಸ್ಸು ಬಂತು, ಸೀಟು ಹಿಡಿಯುವ ಗಲಾಟೆಯಲ್ಲಿ ಅದು ಅಲ್ಲೇ ಉಳಿಯಿತು.

ಎರಡು ವರ್ಷ ದಾಟಿತು. ದಿನಾ ಫೋನಿನಲ್ಲಿ ಮಾತಾಡುತ್ತಿದ್ದೆವು. ಮಳೆ, ಹಿಪ್ಪುನೇರಳೆ ಸೊಪ್ಪು, ಮಗಳ ತುಂಟತನ, ಎಲ್ಲ. ಕಂಬಳಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋದ ವರ್ಷ ನನ್ನ ತಮ್ಮನಿಗೆ ಮಗ ಹುಟ್ಟಿದ. ನಾಮಕರಣಕ್ಕೆ ಊರಿಗೆ ಹೋದೆ.

ನಡುಮನೆಯಲ್ಲಿ ಗದ್ದಿಗೆ ಹಾಸಿತ್ತು. ಕಂಬಳಿ ನಮ್ಮದಲ್ಲ. ನಮ್ಮದಕ್ಕೆ ಅಂಚಿನಲ್ಲಿ ಒಂದು ಬಿಳಿ ಪಟ್ಟಿ ಇತ್ತು, ಇದಕ್ಕೆ ಇರಲಿಲ್ಲ. ನಾನು ಹೂ ಕಟ್ಟುತ್ತಾ ಕೂತಿದ್ದೆ. ಒಬ್ಬ ಸೋದರತ್ತೆ ಎಲ್ಲರಿಗೂ ಕೇಳುವ ಹಾಗೆ ಅಮ್ಮನನ್ನು ಕೇಳಿದಳು, "ಯಾಕೆ, ಮನೆ ಕಂಬ್ಳಿ ಏನಾತು? ಬ್ಯಾರೆಯೋರ್ದು ಯಾಕೆ ಹಾಸಿದ್ದೀಯ?"

ಅಮ್ಮ ನನ್ನ ಕಡೆ ನೋಡಲೇ ಇಲ್ಲ. "ನುಸಿ ತಿಂದ್ಬುಡ್ತು ಕಣಕ್ಕ" ಎಂದಳು.

ನಾನು ಹೂ ಕಟ್ಟುತ್ತಲೇ ಇದ್ದೆ. ಅಲ್ಲೇ ಬಾಯಿ ಬಿಡಬಹುದಿತ್ತು. ಹತ್ತು ಹೆಂಗಸರ ಮುಂದೆ, ನಾದಿನಿಯ ಮುಂದೆ, ನನ್ನ ಮರ್ಯಾದೆ ದೊಡ್ಡದಾಗಿ ಕಂಡಿತು. ಕೂಸನ್ನು ಗದ್ದಿಗೆಯ ಮೇಲೆ ಮಲಗಿಸಿದರು, ಆರತಿ ಎತ್ತಿದರು, ಅಮ್ಮನ ಮುಖದಲ್ಲಿ ನಗು ಇತ್ತು.

ಊಟವಾದ ಮೇಲೆ ಅಮ್ಮ ಕಂಬಳಿಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ನನ್ನ ಕೈಗೆ ಕೊಟ್ಟಳು. "ಅಂಗಡಿ ಪಕ್ಕದ ಮನೇರ್ದು. ನೀನೇ ಹೋಗಿ ಕೊಟ್ಬಾ ಕಣವ್ವ, ಕೇಳಿದ್ ತಕ್ಷಣ ಕೊಟ್ರು" ಎಂದಳು. ನನ್ನನ್ನೇ ಯಾಕೆ ಕಳಿಸಿದಳೋ ಗೊತ್ತಿಲ್ಲ. ನಾದಿನಿ ಬಾಣಂತಿ, ತಮ್ಮ ಬಡಿಸಿ ಸುಸ್ತಾಗಿದ್ದ, ಅಷ್ಟೇ ಇರಬಹುದು.

ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಡೆದೆ. ರವಿಕೆಯ ಮೇಲೂ ಅದು ಕುತ್ತಿಗೆಗೆ ಚುಚ್ಚುತ್ತಿತ್ತು. ಆ ಮನೆಯ ಮುದುಕಿ ಜಗುಲಿಯ ಮೇಲೆ ಕೂತಿದ್ದಳು. ಕಂಬಳಿ ತೆಗೆದುಕೊಂಡು, ಬಿಡಿಸಿ, ನಾಲ್ಕೂ ಮೂಲೆ ನೋಡಿ, ಮತ್ತೆ ಮಡಿಸಿದಳು.

"ಕೂತ್ಕೊ ಮಗ. ನಿಮ್ಮವ್ವಂಗೆ ನಾನೇ ಎಷ್ಟು ಸರಿ ಹೇಳಿವ್ನಿ, ಬೇವಿನ ಸೊಪ್ಪು ಇಡು, ಬಿಸಿಲಿಗೆ ಹಾಕು ಅಂತ. ನಿಮ್ ತಾತನ್ ಕಾಲದ್ದು, ಅಂಥಾ ಕಂಬ್ಳೀನ ನುಸಿಗೆ ಬುಟ್ಬುಟ್ಳಲ್ಲ. ಸೊಸೆಯಾಗಿ ಬಂದೋಳಿಗೆ ಅದ್ರ ಬೆಲೆ ಏನ್ ಗೊತ್ತು? ವಸಿ ಜ್ವಾಪಾನ ಮಾಡ್ಬೇಕಿತ್ತು, ಅಲ್ವಾ?"

ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು. ಜಗುಲಿಯ ಮೇಲೆ ನಾವಿಬ್ಬರೇ. ಬೇರೆ ಯಾರೂ ಇರಲಿಲ್ಲ.

"ಹೂಂ" ಅಂದೆ.