ಮೀನಿಗಿಂತ ಮೊದಲು ನೀರು ಸಾಕುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಯಾಲಿಸಿಸ್ ಕೇಂದ್ರದ ಪಡಸಾಲೆಯಲ್ಲಿ ಒಬ್ಬ ಹೆಂಗಸು ಗಾಜಿನ ತೊಟ್ಟಿಯ ಮುಂದೆ ಮಂಡಿಯೂರಿ ಕೂತಿದ್ದಾರೆ. ತೊಟ್ಟಿಯಲ್ಲಿ ನೀರಿದೆ, ಮರಳಿದೆ, ಗಿಡಗಳಿವೆ. ಮೀನು ಮಾತ್ರ ಒಂದೂ ಇಲ್ಲ. ಆದರೂ ಅವರು ಚಿಟಿಕೆ ಮೀನಿನ ಆಹಾರ ಉದುರಿಸುತ್ತಾರೆ. ತಮ್ಮ ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿರುವ ನಿವೃತ್ತ ಬಸ್ ಚಾಲಕರು, ಇಲ್ಲದ ಮೀನಿಗೆ ತಿಂಡಿ ಆಯಿತೇ ಎಂದು ಕಾಲೆಳೆಯುತ್ತಾರೆ.

ಎಲ್ಲರೂ ಇವರನ್ನು ಕರೆಯುವುದು ನೀರಕ್ಕ ಎಂದು. ಹೊಸ ಅಕ್ವೇರಿಯಂಗಳ ನೀರನ್ನು ಮೀನು ಬದುಕುವ ಹದಕ್ಕೆ ತರುವುದು ಇವರ ಕಸುಬು. ಆಹಾರ ಕೊಳೆತರೆ ಅಮೋನಿಯಾ ಹುಟ್ಟುತ್ತದೆ; ಅದು ಮೀನಿಗೆ ವಿಷ. ಆ ವಿಷವನ್ನು ತಿಂದು ಅರಗಿಸುವ, ಕಣ್ಣಿಗೆ ಕಾಣದ ಜೀವಾಣುಗಳು ಫಿಲ್ಟರಿನ ಸ್ಪಂಜಿನಲ್ಲಿ ನಿಧಾನವಾಗಿ ಬೀಡುಬಿಡುತ್ತವೆ. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಖಾಲಿ ತೊಟ್ಟಿಗೆ ಉದುರಿಸುವ ಆಹಾರ ಈ ಜೀವಾಣುಗಳನ್ನು ಬೆಳೆಸುವುದಕ್ಕೇ. "ಗೋಡೆ ಎದ್ದ ಕೂಡ್ಲೇ ನೆಂಟರನ್ನ ಕರೆದ್ರೆ ಆಗತ್ತಾ? ಬಚ್ಚಲ ನೀರು ಹೋಗೋಕೆ ದಾರಿ ಆಗ್ಬೇಕಲ್ಲ," ಎನ್ನುತ್ತಾರೆ.

ಮೊದಲು ಮೀನಿನಂಗಡಿಯಲ್ಲಿ ತೊಟ್ಟಿ ತೊಳೆಯುತ್ತಿದ್ದರು. ಒಯ್ದ ಮೀನು ಸತ್ತುಹೋಯಿತೆಂದು ಅಳುತ್ತಾ ಬರುವ ಮಕ್ಕಳನ್ನು ನೋಡಲಾರದೆ ಈ ಕೆಲಸಕ್ಕಿಳಿದರು. ಬಕೆಟ್ ಹೊತ್ತೂ ಹೊತ್ತೂ ಸೊಂಟ ಹಿಡಿದುಕೊಂಡಿದೆ. ಖಾಲಿ ತೊಟ್ಟಿಗೆ ಇಷ್ಟು ಸೇವೆಯೇ ಎಂದು ನಗುವವರಿಗೇನೂ ಬರವಿಲ್ಲ.

ಇಲ್ಲಿಯ ನೀರು ಇನ್ನೇನು ಹದಕ್ಕೆ ಬಂತು ಎನ್ನುವಾಗ ಎಡವಟ್ಟಾಗುತ್ತದೆ. ಕೇಂದ್ರದಲ್ಲಿ ಕಸ ಗುಡಿಸಿ ಒರೆಸುವ ಆಯಾ, ಪಾಪ, ಒಳ್ಳೆಯದಾಗಲಿ ಎಂದೇ ಕಂದುಗಟ್ಟಿದ ಸ್ಪಂಜನ್ನು ನಲ್ಲಿಯಡಿ ಹಿಡಿದು ತಿಕ್ಕಿ ತೊಳೆದಿಡುತ್ತಾರೆ. ಕ್ಲೋರಿನ್ ನೀರಿಗೆ ಜೀವಾಣುಗಳೆಲ್ಲ ನಾಶ. ವಿಷಯ ತಿಳಿದು ಆಯಾ ಅತ್ತೇಬಿಡುತ್ತಾರೆ. "ಗಲೀಜು ಅಂದ್ಕೊಂಡು ನಾನೂ ಒಂದ್ಸಲ ಹೀಗೇ ತೊಳ್ದಿದ್ದೆ, ಬಿಡಮ್ಮ," ಎಂದು ನೀರಕ್ಕ ಸಮಾಧಾನ ಹೇಳುತ್ತಾರೆ.

ಆದರೆ ಚಾಲಕರ ಮುಖ ಬಾಡುತ್ತದೆ. ಅವರಿಗೆ ತಂಗಿ ಕಿಡ್ನಿ ಕೊಡಲು ಒಪ್ಪಿದ್ದಾರೆ. ಶಸ್ತ್ರಚಿಕಿತ್ಸೆಗೆಂದು ಚಾಲಕರು ಸದ್ಯದಲ್ಲೇ ದೊಡ್ಡಾಸ್ಪತ್ರೆಗೆ ಹೊರಡಬೇಕು. ಅಷ್ಟರೊಳಗೆ ಮೀನು ನೋಡುವ ಆಸೆ ಅವರದು.

ನೀರಕ್ಕನ ಮನೆಯಲ್ಲೊಂದು ಹಳೆಯ ತೊಟ್ಟಿಯಿದೆ, ಅದರಲ್ಲಿ ಮುದ್ದಿನ ಮುದಿ ಮೀನೊಂದಿದೆ. ಜೀವಾಣುಗಳು ತುಂಬಿರುವ ಆ ತೊಟ್ಟಿಯ ಸ್ಪಂಜಿನ ಅರ್ಧವನ್ನೇ ಕತ್ತರಿಸಿ, ಒದ್ದೆಯಾಗಿಯೇ ತಂದು ಇಲ್ಲಿ ಸಿಕ್ಕಿಸುತ್ತಾರೆ. ಮನೆಯ ಮೀನಿಗೆ ತೊಂದರೆಯಾಗದಂತೆ ಅದರ ಮೇವು ಕಡಿಮೆ ಮಾಡಿ, ದಿನವೂ ನೀರು ಬದಲಿಸಬೇಕಾಗುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ರೇಗಿಸುತ್ತಲೇ ಬಕೆಟ್ ಹೊರುವವರು ಗಂಡ.

ಚಾಲಕರು ಹೊರಡುವ ಹಿಂದಿನ ದಿನ ಪರೀಕ್ಷೆಯ ಕೊಳವೆಯಲ್ಲಿ ನೀರು ತಿಳಿ ಹಳದಿಗೆ ತಿರುಗುತ್ತದೆ. ಅಂದರೆ ಅಮೋನಿಯಾ ಇಲ್ಲ. ಅಮೋನಿಯಾ ಅರಗುವಾಗ ಹುಟ್ಟುವ ಇನ್ನೊಂದು ವಿಷದ ಪರೀಕ್ಷೆಯೂ ಸರಿಯಾಗಿದೆ. ನೀರಕ್ಕ ಚೀಲ ಬಿಚ್ಚಿ ನಾಲ್ಕಾರು ಪುಟ್ಟ ಮೀನುಗಳನ್ನು ಮೆಲ್ಲಗೆ ಒಳಬಿಡುತ್ತಾರೆ. ಅವು ಗಿಡದ ಹಿಂದೆ ಅವಿತು, ಆಮೇಲೆ ಒಂದೊಂದಾಗಿ ಹೊರಬರುತ್ತವೆ.

ಚಾಲಕರು ಬೆಂಚಿನಿಂದೆದ್ದು ಬಂದು, ಗಾಜಿನ ಹತ್ತಿರ ಬಗ್ಗಿ ಮೀನುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಕೊನೆಗೆ, "ನಾನು ವಾಪಸ್ ಬರೋವರ್ಗೂ ಇರ್ತಾವಾ?" ಎಂದು ಕೇಳುತ್ತಾರೆ.

"ಇರ್ತಾವೆ ಅಣ್ಣ," ಎನ್ನುತ್ತಾ ನೀರಕ್ಕ ಸೆರಗಿನಿಂದ ಗಾಜು ಒರೆಸುತ್ತಾರೆ. "ಆದ್ರೆ ನೀವು ಬಂದಾಗ ಒಳಗಡೆ ಡಯಾಲಿಸಿಸ್‌ಗೆ ಹೋಗ್ಬೇಡಿ. ಇಲ್ಲೇ ಕೂತು ಇವನ್ನ ನೋಡ್ಕೊಂಡು ಮನೆಗೆ ಹೋಗಿ."