ಮೀನು ಮಾರುವ ಗ್ರಿಜೆಲ್‌ಳ ಗಾಲ್ಫ್ ಹುಚ್ಚು

ಕೂತಲ್ಲಿ ಕೂತಿರುವುದು ಗ್ರಿಜೆಲ್‌ಗೆ ಚಿಕ್ಕಂದಿನಿಂದಲೂ ಆಗಿಬರಲಿಲ್ಲ. ಫಿಷರ್‌ರೋ ಬಂದರಿನಲ್ಲಿ ಹೆಂಗಸಿಗೆ ಅದೊಂದು ದೊಡ್ಡ ಕೊರತೆಯೇ. ಗಂಡಸರು ದೋಣಿ ಹತ್ತಿದರೆ, ಹೆಂಗಸರು ಬೆಳಗಿನ ಜಾವವೇ ಮೀನುಬುಟ್ಟಿಯನ್ನು ಬೆನ್ನಿಗೇರಿಸಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು ಎಡಿನ್‌ಬರೊ ಪೇಟೆಗೆ ಓಡುನಡಿಗೆಯಲ್ಲಿ ಹೋಗಬೇಕು. ಮಾರಿ ಬಂದ ಮೇಲೆ ಮಧ್ಯಾಹ್ನವೆಲ್ಲ ಬಾಗಿಲ ಮುಂದೆ ಕೂತು, ಉದ್ದನೆಯ ಹಗ್ಗಕ್ಕೆ ಕಟ್ಟಿದ ಗಾಳಗಳಿಗೆ ಒಂದೊಂದಾಗಿ ಚಿಪ್ಪುಮಾಂಸ ಸಿಕ್ಕಿಸಬೇಕು. ಗಾಳ ಕಟ್ಟುವುದೆಂದರೆ ಇದೇ, ಇದಾಗದೆ ದೋಣಿ ಹೊರಡುವಂತಿಲ್ಲ. ನಡೆಯುವುದರಲ್ಲಿ ಗ್ರಿಜೆಲ್‌ಳನ್ನು ಹಿಂದೆ ಹಾಕುವವರಿರಲಿಲ್ಲ. ಗಾಳದ ಮುಂದೆ ಕೂತಳೆಂದರೆ ಮಾತ್ರ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ಎದ್ದು ಬಾವಿಗೆ ಹೋಗುವಳು, ಬಂದು ಕೂರುವಳು, ಗಾಳಿ ಯಾವ ದಿಕ್ಕಿನದೆಂದು ನೋಡುವ ನೆವದಲ್ಲಿ ಮತ್ತೆ ಏಳುವಳು.

"ಗಾಳಿ ಎತ್ತಲಿಂದ ಬೀಸಿದ್ರೆ ನಿನಗೇನೇ? ದೋಣೀಲಿ ಹೋಗೋನು ನನ್ನ ಮಗ" ಎಂದು ಅತ್ತೆ ಕರ್ಸ್ಟಿ ಗದರುತ್ತಿದ್ದಳು.

ಮಕ್ಕಳಾಗಲಿಲ್ಲವೆಂದು ಹೀಗಾಡುತ್ತಾಳೆ ಎಂದು ಕೇರಿಯವರು ಮಾತಾಡಿಕೊಂಡರು. ಅವಳ ತವರಿನವರನ್ನು ಕೇಳಿದ್ದರೆ, ತೊಟ್ಟಿಲಲ್ಲೂ ಅವಳು ಸುಮ್ಮನೆ ಮಲಗಿದವಳಲ್ಲ ಎಂದು ಹೇಳುತ್ತಿದ್ದರು.

ಒಂದು ದಿನ ಪೇಟೆಯಿಂದ ಬಂದ ಮೇಲೆ ಚಿಪ್ಪು ತರಲೆಂದು ಖಾಲಿ ಬುಟ್ಟಿ ಹೊತ್ತು, ಗೆಳತಿ ನ್ಯಾನ್ಸ್ ಜೊತೆ, ದೊಡ್ಡವರು ಗಾಲ್ಫ್ ಆಡುವ ಮಸಲ್‌ಬರಾದ ಹುಲ್ಲುಬಯಲು ದಾಟುತ್ತಿದ್ದಾಗ, ಗ್ರಿಜೆಲ್‌ಳ ಬೆನ್ನ ಮೇಲೆ ದೊಪ್ಪೆಂದು ಏನೋ ಬಿತ್ತು. ಹಿಂದಿನಿಂದ ಕೂಗು ಕೇಳಿಸಿತು. ಆಟಗಾರರ ಕೆಂಪು ಕೋಟು ತೊಟ್ಟ ವಕೀಲನೊಬ್ಬ ಕೋಲು ಹಿಡಿದು ಓಡೋಡಿ ಬರುತ್ತಿದ್ದ.

"ನಿಲ್ಲಮ್ಮ, ನಿಲ್ಲು! ನನ್ನ ಚೆಂಡು ನಿನ್ನ ಬುಟ್ಟೀಲಿದೆ!"

"ಬುಟ್ಟೀಲಿ ಇದ್ದದ್ದನ್ನ ನಾವು ಪುಕ್ಕಟೆ ಕೊಡಲ್ಲ ಧಣಿ" ಎಂದಳು ನ್ಯಾನ್ಸ್.

ವಕೀಲನ ಎದುರಾಳಿ ದೂರದಿಂದಲೇ ಹೊಟ್ಟೆ ಹಿಡಿದು ನಗುತ್ತಿದ್ದ. "ಬಿದ್ದಲ್ಲಿಂದ್ಲೇ ಹೊಡೀಬೇಕು ಕಣಯ್ಯ! ಬುಟ್ಟಿ ಒಳಗಿಂದ್ಲೇ ಹೊಡಿ!"

"ಬುಟ್ಟಿ ಇಳಿಸ್ತೀಯಾ ತಾಯಿ?" ಎಂದ ವಕೀಲ.

"ಇಳಿಸ್ತೀನಿ. ಆದ್ರೆ ಒಂದು ಸಲ ನಾನು ಹೊಡೀಬೇಕು."

ಯಾಕೆ ಹಾಗಂದಳೋ ಗ್ರಿಜೆಲ್‌ಗೇ ತಿಳಿಯಲಿಲ್ಲ. ವಕೀಲ ತಮಾಷೆಗೆ ಕೋಲು ಕೊಟ್ಟ. ಅವಳು ಬುಟ್ಟಿ ಇಳಿಸಿ, ಮೈಯೆಲ್ಲ ತಿರುಗಿಸಿ ಬೀಸಿದಳು. ಹುಲ್ಲಿನ ಹೆಂಟೆಯೊಂದು ಕಿತ್ತು ಹಾರಿತು, ಚೆಂಡು ಅಲ್ಲೇ ಇತ್ತು. ಎರಡನೆಯ ಏಟಿಗೆ ಅದು ಹೆದರಿದ ಇಲಿಯಂತೆ ಓಡಿ ಮುಳ್ಳುಪೊದೆಯೊಳಗೆ ಸೇರಿಕೊಂಡಿತು. ಎಲ್ಲರೂ ನಕ್ಕರು. ನ್ಯಾನ್ಸ್ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅಂದು ಗಾಳ ಕಟ್ಟುವಾಗ ಗ್ರಿಜೆಲ್ ಎರಡು ಸಲ ಬೆರಳು ಚುಚ್ಚಿಕೊಂಡಳು. ಕೈ ಇನ್ನೂ ಆ ಕೋಲನ್ನೇ ಬೀಸುತ್ತಿತ್ತು.

ಕೋಲು ಮಾಡುವ ವಾಟಿಯ ಅಂಗಡಿ ಬಯಲಿನ ಅಂಚಿನಲ್ಲೇ ಇತ್ತು. ಹೊಗೆಯಲ್ಲಿ ಒಣಗಿಸಿದ ಮೀನಿನ ಗೊಂಚಲೊಂದನ್ನು ಅವನ ಮುಂದಿಟ್ಟು, ಸೀಳುಬಿಟ್ಟು ಮೂಲೆ ಸೇರಿದ್ದ ಒಂದು ಕೋಲನ್ನು ಅವಳು ಕೇಳಿ ಪಡೆದಳು. ವಾಟಿ ಅದಕ್ಕೆ ಅಂಟು ಹಾಕಿ, ದಾರ ಬಿಗಿದು ಕೊಟ್ಟ. ಗರಿ ತುಂಬಿದ ಚರ್ಮದ ಚೆಂಡು ಬಡವರು ಕೊಳ್ಳುವಂಥದ್ದಲ್ಲ. ದೊಡ್ಡವರು ಪೊದೆಯಲ್ಲಿ ಕಳೆದುಕೊಂಡು ಹೋದ, ಹೊಲಿಗೆ ಬಿಟ್ಟ ಚೆಂಡುಗಳನ್ನು ಹೆಕ್ಕಿ, ಬಲೆಸೂಜಿಯಿಂದ ಹೊಲಿದು ಆಡಿದಳು. ನಗುತ್ತಲೇ ನೋಡುತ್ತಿದ್ದ ನ್ಯಾನ್ಸ್ ಕೂಡ ಒಂದು ದಿನ, "ಎಲ್ಲಿ, ಕೊಡೇ ಇತ್ತ" ಎಂದು ಕೈಚಾಚಿದಳು. ಆಮೇಲೆ ಕೇರಿಯ ಇನ್ನೂ ನಾಲ್ಕಾರು ಹೆಂಗಸರು ಬಂದರು. ಪೇಟೆಯಿಂದ ಬಂದವರೇ ಬುಟ್ಟಿಗಳನ್ನು ಗುಂಪಾಗಿಟ್ಟು, ಲಂಗ ಎತ್ತಿಕಟ್ಟಿ ಆಟಕ್ಕಿಳಿಯುತ್ತಿದ್ದರು. ಬಯಲು ಊರಿನದು. ಅಲ್ಲಿ ಕುರಿ ಮೇಯುತ್ತಿತ್ತು, ಬಟ್ಟೆ ಒಣಗುತ್ತಿತ್ತು. ಬೇಡವೆನ್ನುವ ಹಕ್ಕು ಯಾರಿಗೂ ಇರಲಿಲ್ಲ.

ಉಳಿದವರು ಆಡಿ ಮನೆಗೆ ಹೋಗುತ್ತಿದ್ದರು. ಗ್ರಿಜೆಲ್ ಇನ್ನೊಂದು ಕುಳಿ, ಇನ್ನೊಂದೇ ಕುಳಿ ಎಂದು ಉಳಿಯುತ್ತಿದ್ದಳು. ಒಂದು ಏಟು ಚೆನ್ನಾಗಿ ಬಿದ್ದರೆ, ಚೆಂಡು ಗಾಳಿಯಲ್ಲಿರುವಷ್ಟು ಹೊತ್ತು ಅವಳೊಳಗಿನ ಕುದಿ ನಿಲ್ಲುತ್ತಿತ್ತು. ಅದು ನೆಲಕ್ಕೆ ಬಿದ್ದೊಡನೆ ಮತ್ತೆ ಶುರು.

ಹ್ಯಾಡಕ್ ಮೀನು ದಂಡಿಯಾಗಿ ಸಿಗುವ ಕಾಲದಲ್ಲಿ ಅನಾಹುತವಾಯಿತು. ಅಂದು ಕರ್ಸ್ಟಿ ಮಗಳ ಬಾಣಂತನಕ್ಕೆಂದು ಹೋಗಿದ್ದಳು. ಗ್ರಿಜೆಲ್ ಬಯಲಿನಿಂದ ಉಸಿರುಗಟ್ಟಿ ಓಡಿಬರುವಾಗ ಉಬ್ಬರ ಇಳಿಯತೊಡಗಿತ್ತು. ಬಾಗಿಲ ಮುಂದೆ ಚಿಪ್ಪಿನ ರಾಶಿ ಒಡೆಯದೆ ಬಿದ್ದಿತ್ತು, ಗಾಳಗಳು ಬರಿದಾಗಿದ್ದವು. ಗಂಡ ಆಡಮ್ ಬಂದರಿನ ಕಟ್ಟೆಯ ಮೇಲೆ ನಿಂತಿದ್ದ. ಬೇರೆ ದೋಣಿಗಳೆಲ್ಲ ಆಗಲೇ ದೂರ ಹೋಗಿದ್ದವು. ಅವನ ದೋಣಿಯ ಜೊತೆಗಾರರು ಅವಳತ್ತ ತಿರುಗಿಯೂ ನೋಡಲಿಲ್ಲ.

ಆಡಮ್ ಮಾತು ಕಡಿಮೆಯವನು. ಮನೆಗೆ ಬಂದು ಟೋಪಿ ತೆಗೆದಿಟ್ಟ. "ಹೊಡೆದು ಬುದ್ಧಿ ಕಲಿಸು ಅಂದ್ರು ಅವರು" ಎಂದ.

"ನೀನೇನಂದೆ?"

"ಏನೂ ಅನ್ಲಿಲ್ಲ. ನಾಚಿಕೆ ಆಯ್ತು, ಗ್ರಿಜೆಲ್. ಅವರ ಮನೇಲಿ ಮಕ್ಕಳಿದಾವೆ."

ಹೊಡೆದಿದ್ದರೆ ವಾಸಿ ಎನಿಸಿತು ಅವಳಿಗೆ. ಮರುದಿನ ಕೋಲನ್ನು ವಾಟಿಗೆ ಮರಳಿಸಿ ಬಂದಳು.

ಚಳಿಗಾಲ ಹೊಕ್ಕಿತು. ಗ್ರಿಜೆಲ್ ಗಾಳದ ಕೆಲಸವನ್ನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಕೆಲಸ ಮುಗಿದ ಮೇಲೆ ಆ ಒಂಟಿ ಕೋಣೆಯ ಮನೆಯಲ್ಲಿ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ನಡೆದಾಡುವಳು. ಗುಡಿಸಿದ್ದನ್ನೇ ಗುಡಿಸುವಳು. ಗಂಜಿ ತಿರುಗಿಸುವ ಕೋಲು ಹಿಡಿದು ನಿಂತವಳು ನಿಂತಲ್ಲೇ ಸೊಂಟ ತಿರುಗಿಸಿ ಒಮ್ಮೆ ಬೀಸುವಳು, ಗಂಜಿಯ ಹನಿ ಗೋಡೆಗೆ ಸಿಡಿಯುವುದು. ಕೊನೆಗೆ ತಾಳ್ಮೆಗೆಟ್ಟವಳು ಕರ್ಸ್ಟಿ.

"ಸಾಕು ಮಾರಾಯ್ತಿ, ಸಾಕು! ಪಂಜರದಲ್ಲಿ ಕರಡಿ ಸಾಕಿದ ಹಾಗಾಗಿದೆ ನನಗೆ. ಹೋಗು, ಆ ಹಾಳು ಕೋಲು ತಗೊಂಡು ಬಾ!"

"ಗಾಳ ಯಾರು ಕಟ್ಟೋರು ಅತ್ತೆ?"

ಮೂಲೆಯಲ್ಲಿ ಬೂಟಿಗೆ ಎಣ್ಣೆ ಸವರುತ್ತಿದ್ದ ಆಡಮ್ ತಲೆಯೆತ್ತದೆ, "ಅರ್ಧ ನಾನು ಕಟ್ತೀನಿ" ಎಂದ.

ಫಿಷರ್‌ರೋದಲ್ಲಿ ಗಂಡಸು ಬಾಗಿಲ ಮುಂದೆ ಕೂತು ಗಾಳ ಕಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಮೊದಲ ದಿನ ಬಂದರಿಗೆ ಹೋಗುವವರೆಲ್ಲ ಬೇಕೆಂದೇ ಆ ದಾರಿ ಹಿಡಿದರು. "ಲಂಗ ಯಾವಾಗ ಹೊಲಿಸ್ತೀಯೋ ಆಡಮ್?" ಎಂದು ಒಬ್ಬ ಕೇಳಿದ. ಆಡಮ್‌ನ ಕಿವಿ ಕೆಂಪಾಯಿತು. "ನಿನ್ನ ಹೆಂಡ್ತಿ ಅಳತೆ ಕೊಟ್ಟರೆ ಇವತ್ತೇ" ಎಂದು, ಮುಂದಿನ ಚಿಪ್ಪಿಗೆ ಕೈಹಾಕಿದ. ಒಳಗಿಂದ ಇದನ್ನು ಕೇಳಿಸಿಕೊಂಡ ಗ್ರಿಜೆಲ್‌ ಹೊರಗೆ ಬಂದು, ಕೆಲಸ ಮುಗಿಯುವವರೆಗೂ ಅವನ ಪಕ್ಕದಲ್ಲಿ ಕೂತಳು. ಅಂದು ಒಮ್ಮೆಯೂ ಏಳಲಿಲ್ಲ.

ಹೊಸ ವರ್ಷದ ದಿನ ಮೀನು ಮಾರುವ ಹೆಂಗಸರಿಗೆಂದೇ ಒಂದು ಪಂದ್ಯವಿಡಲು ಆಟದ ಸಂಘದ ದೊಡ್ಡವರು ಮನಸ್ಸು ಮಾಡಿದರು. ಗೆದ್ದವಳಿಗೆ ಹೊಸ ಬುಟ್ಟಿ ಮತ್ತು ಒಂದು ಶಾಲು. ಊರಿಗೂರೇ ನೋಡಲು ನೆರೆಯಿತು. ಕಡಲ ಗಾಳಿ ಮುಖ ಕೊಯ್ಯುವಂತೆ ಬೀಸುತ್ತಿತ್ತು. ಒಬ್ಬೊಬ್ಬರೇ ಹಿಂದೆ ಬಿದ್ದು, ಕಡೆಗೆ ಗ್ರಿಜೆಲ್ ಮತ್ತು ನ್ಯಾನ್ಸ್ ಇಬ್ಬರೇ ಸಮಸಮವಾಗಿ ಉಳಿದರು. ಬಾಕಿಯಿದ್ದದ್ದು ಒಂದೇ ಕುಳಿ.

ನ್ಯಾನ್ಸ್ ಆಡುವುದೇ ನಿಧಾನ. ಪ್ರತಿ ಏಟಿಗೂ ಮೊದಲು ಮೂಗು ಒರೆಸಿಕೊಳ್ಳುವಳು, ಕಾಲು ಊರುವಳು, ಚೆಂಡನ್ನೊಮ್ಮೆ ಮಾತಾಡಿಸುವಳು. ಕಾದು ಕಾದು ಗ್ರಿಜೆಲ್‌ಳ ನೆತ್ತಿ ಬಿಸಿಯಾಗುತ್ತಿತ್ತು.

"ಹೊಡಿಯೇ, ಕತ್ತಲಾಗುತ್ತೆ!"

"ಆಗ್ಲಿ ಬಿಡು. ನಾನೇನು ಮೀನು ಕೊಳೆಯುತ್ತೆ ಅಂತ ಓಡ್ತಿದ್ದೀನಾ?"

ನ್ಯಾನ್ಸ್‌ಳ ಚೆಂಡು ಉರುಳಿ ಹೋಗಿ ಕುಳಿಗೆ ಬಿತ್ತು. ಗ್ರಿಜೆಲ್‌ಳದು ಕುಳಿಯಿಂದ ಒಂದು ಮಾರು ದೂರದಲ್ಲಿತ್ತು. ಅದನ್ನು ಹಾಕಿದರೆ ಆಟ ಸಮ. ನೆಲ ಎತ್ತ ವಾಲಿದೆಯೆಂದು ನೋಡಬೇಕಿತ್ತು, ಗಾಳಿ ಇಳಿಯಲು ಬಿಡಬೇಕಿತ್ತು. ಅಷ್ಟೆಲ್ಲ ಅವಳಿಗೆ ಗೊತ್ತಿತ್ತು. ಆದರೆ ಕೈ ಕೇಳಲಿಲ್ಲ. ನಡೆದು ಬಂದ ವೇಗದಲ್ಲೇ ತಟ್ಟಿಬಿಟ್ಟಳು. ಚೆಂಡು ಕುಳಿಯ ಅಂಚು ಸವರಿ ಆಚೆ ಹೋಯಿತು.

ಜನ ಕೂಗಿದರು. ನ್ಯಾನ್ಸ್‌ಳ ಹೆಗಲಿಗೆ ಶಾಲು ಬಿತ್ತು. ಅವಳು ನೇರ ಗ್ರಿಜೆಲ್‌ಳ ಬಳಿ ಬಂದು, "ಮುನಿಸೇನೇ?" ಎಂದಳು.

"ನಿನ್ನ ಮೇಲಲ್ಲ ಕಣೇ."

"ನೀನು ಒಂದೇ ಒಂದು ಉಸಿರು ನಿಂತಿದ್ದರೆ ಸಾಕಿತ್ತು."

"ಗೊತ್ತು" ಎಂದಳು ಗ್ರಿಜೆಲ್. "ನಿಲ್ಲೋಕಾದ್ರೆ ನಾನು ಈ ಕೋಲನ್ನೇ ಮುಟ್ತಿರ್ಲಿಲ್ಲ."

ಮರುದಿನ ಬೆಳಿಗ್ಗೆ ಅವಳಿಗೆ ಎಲ್ಲರ ಜೊತೆ ಪೇಟೆಗೆ ಹೋಗುವ ಮನಸ್ಸಾಗಲಿಲ್ಲ. ಎಲ್ಲರೂ ಪಡುವಣಕ್ಕೆ, ಎಡಿನ್‌ಬರೊ ಕಡೆ ಹೊರಟರೆ, ಅವಳು ಬುಟ್ಟಿ ಹೊತ್ತು ಮೂಡಣಕ್ಕೆ ತಿರುಗಿ ಪ್ರೆಸ್ಟನ್‌ಪ್ಯಾನ್ಸ್ ದಾರಿ ಹಿಡಿದಳು. ಅಲ್ಲಿ ಮೀನು ಮಾರಿ ಇನ್ನೂ ಮುಂದೆ ಅಬರ್‌ಲೇಡಿವರೆಗೆ ಹೋದಳು. ಅಲ್ಲಿಯ ಕಡಲಂಚಿನಲ್ಲೂ ಹುಲ್ಲುಬಯಲಿತ್ತು. ಕುಲುಮೆಯವನೂ ಅವನ ತಮ್ಮನೂ ಕೆಟ್ಟದೊಂದು ಕೋಲಿನಲ್ಲಿ ಚೆಂಡು ಹೊಡೆಯುತ್ತಿದ್ದರು. ಗ್ರಿಜೆಲ್ ಸ್ವಲ್ಪ ಹೊತ್ತು ನೋಡಿ, "ಇದರ ಕುತ್ತಿಗೆ ಸೊಟ್ಟ ಕಣಪ್ಪ. ನಮ್ಮೂರ ವಾಟಿಯದೊಂದು ತಂದುಕೊಡ್ಲಾ?" ಎಂದಳು.

ಅಂದಿನಿಂದ ಅವಳ ಬುಟ್ಟಿಯಲ್ಲಿ ಮೀನಿನ ಜೊತೆ ಕೋಲುಗಳೂ ಚೆಂಡುಗಳೂ ಸೇರಿದವು. ವಾಟಿ ಮಾಡಿದ್ದನ್ನು ಅವಳು ಊರೂರಿಗೆ ಹೊತ್ತಳು, ಡನ್‌ಬಾರ್‌ವರೆಗೂ. ಹೋದಲ್ಲಿ ಬರಿದೇ ಮಾರಿ ಬರುವವಳಲ್ಲ. ಬಾವಿಕಟ್ಟೆಯ ಹೆಂಗಸರನ್ನು ಕರೆದು ಹೇಗೆ ಹಿಡಿಯಬೇಕು, ಹೇಗೆ ಬೀಸಬೇಕು ಎಂದು ತೋರಿಸುವಳು. ನಕ್ಕವರ ಕೈಗೇ ಮೊದಲು ಕೋಲು ಕೊಡುವಳು. ಎಷ್ಟೋ ಸಲ ಹೊರಗೇ ಉಳಿದು ಮೂರನೆಯ ದಿನ ಮನೆ ಸೇರುತ್ತಿದ್ದಳು. ಆ ದಿನಗಳಲ್ಲಿ ಅವಳ ಪಾಲಿನ ಗಾಳಗಳನ್ನು ಕರ್ಸ್ಟಿ ಕಟ್ಟುವಳು. ಆಡಮ್ ಬಾಗಿಲಲ್ಲೇ ಬೂಟು ಕಳಚಿಸಿ, ಬಿಸಿನೀರು ಕೊಟ್ಟು, "ಎಲ್ಲಿವರೆಗೆ ಹೋಗಿದ್ದೆ?" ಎಂದು ಕೇಳುವನು. ಇದ್ದು ಬಿಡು ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಹೇಳಲಿ ಎಂದು ಅವಳು ಕೆಲವೊಮ್ಮೆ ಕಾದದ್ದುಂಟು.

ಅವನು ಕಡಲಲ್ಲಿ ಸಾಯಲಿಲ್ಲ, ಎಷ್ಟೋ ವರ್ಷಗಳ ಮೇಲೆ ಎದೆನೋವಿನಿಂದ ಹಾಸಿಗೆಯಲ್ಲೇ ಹೋದ. ಆ ಕೊನೆಯ ವಾರ ಗ್ರಿಜೆಲ್ ಮಂಚ ಬಿಟ್ಟು ಕದಲಲಿಲ್ಲ. ಅವನೇ, "ಹೊರಗೆ ಒಂದು ಸುತ್ತು ಹೋಗಿ ಬಾ, ನಿನ್ನ ನೋಡಿದ್ರೆ ನನಗೇ ಆಯಾಸ" ಎಂದು ನಕ್ಕಿದ್ದ.

ಅವಳಿಗೆ ವಯಸ್ಸಾಗುವ ಹೊತ್ತಿಗೆ ಗರಿಯ ಚೆಂಡಿನ ಕಾಲ ಮುಗಿದಿತ್ತು. ದೂರದೇಶದ ಮರದ ಹಾಲನ್ನು ಕಾಯಿಸಿ ಉಂಡೆ ಮಾಡಿದ ಅಗ್ಗದ ಚೆಂಡು ಬಂತು. ನೇಕಾರರು, ತೋಟದವರು, ರೈಲಿನಲ್ಲಿ ಬಂದ ಗುಮಾಸ್ತರು ಎಲ್ಲ ಬಯಲಿಗಿಳಿದರು. ಒಂದು ಶನಿವಾರ ಅವಳು ಊರುಗೋಲು ಊರಿಕೊಂಡು ಹುಲ್ಲು ದಾಟುತ್ತಿದ್ದಾಗ ಗುಮಾಸ್ತನೊಬ್ಬ ಕೂಗಿದ: "ಅಜ್ಜೀ, ಜರುಗಿ! ಇದು ಆಟದ ಜಾಗ!"

ಗ್ರಿಜೆಲ್ ನಿಂತಳು. ಅವನು ಕೋಲು ಹಿಡಿದ ರೀತಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಹೊಡಿಯಪ್ಪ, ಹೊಡಿ. ಅಷ್ಟು ಬಿಗಿ ಹಿಡಿದ್ರೆ ಅದು ನನ್ನ ತನಕ ಬರೋದೇ ಇಲ್ಲ."

ಅವನ ಚೆಂಡು ನಿಜಕ್ಕೂ ಪೊದೆಗೆ ಹೋಯಿತು. ಅದನ್ನು ಹುಡುಕಲು ಗ್ರಿಜೆಲ್‌ಳೂ ನೆರವಾದಳು. ಸಿಕ್ಕಿದ್ದನ್ನು ಅಂಗೈಯಲ್ಲಿ ಉರುಳಿಸಿ, ಉಗುರಿನಿಂದ ಒತ್ತಿ ನೋಡಿ, ಇದನ್ನು ಎಲ್ಲಿ ಮಾಡುತ್ತಾರೆ, ಅಲ್ಲಿಗೆ ಎಷ್ಟು ದೂರ ಎಂದು ಕೇಳುತ್ತ ಅವನ ಹಿಂದೆಯೇ ನಡೆದಳು.