ಉಮರಸಾಬ ತಿರುವಿ ಹೊಲಿದ ಪಟ್ಟಿ

ಗಂಗಾವತಿಯಲ್ಲಿ ಹರಿದ ತಾಡಪಾಲು ಹೊಲಿಸಬೇಕೆಂದರೆ ಉಮರಸಾಬನ ಹೊರತು ಬೇರೆ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಸುಗ್ಗಿಗೆ ಮುಂಚೆ ಕಾರಟಗಿಯ ಅಕ್ಕಿ ಗಿರಣಿಯವರು ಲಾರಿಗಟ್ಟಲೆ ತಂದು ಅವನ ಅಂಗಳದಲ್ಲಿ ಸುರಿದು ಹೋಗುತ್ತಿದ್ದರು. ತಾನು ಹೊಲಿದ ಕಡೆ ಹನಿ ನೀರು ಇಳಿಯುವುದಿಲ್ಲ ಎಂಬ ಸೊಕ್ಕು ಅವನಿಗಿತ್ತು. ಆ ಸೊಕ್ಕು ಅವನಿಗೆ ಸಲ್ಲುತ್ತಿತ್ತು ಕೂಡ. ಅಂಥವನನ್ನು ಊರ ಮುಂದೆ ಕಳ್ಳನಿಗಿಂತ ಕಡೆ ಮಾಡಿದವನು ಗುತ್ತಿಗೆದಾರ ಹನುಮೇಶ.

ನಾಲ್ಕು ವರ್ಷದ ಹಿಂದೆ ಬಡಾವಣೆಯ ಆಟದ ಮೈದಾನಕ್ಕೆ ಕೃತಕ ಹುಲ್ಲು ಹಾಸುವ ಕೆಲಸ ಹನುಮೇಶನಿಗೆ ಸಿಕ್ಕಿತ್ತು. ಆ ಹುಲ್ಲು ಅಗಲವಾದ ಪಟ್ಟಿಗಳಾಗಿ ಸುರುಳಿ ಸುತ್ತಿ ಬರುತ್ತದೆ. ಪಟ್ಟಿಗೆ ಪಟ್ಟಿ ಜೋಡಿಸಲು ಅವನು ಉಮರಸಾಬನನ್ನು ಕೂಲಿಗೆ ಕರೆದ. ನಮ್ಮ ಬಿಸಿಲಿಗೆ ಅಂಟು ನಿಲ್ಲುವುದಿಲ್ಲ, ಹೊಲಿಯೋಣ ಎಂದು ಉಮರಸಾಬ ಎರಡು ಸಲ ಹೇಳಿದ. ಹನುಮೇಶ ಕೇಳಲಿಲ್ಲ, ಅಂಟು ಕೊಡುವುದರಲ್ಲೂ ಕೈ ಬಿಗಿಹಿಡಿದ. ಮೊದಲ ಬೇಸಿಗೆಗೇ ಜೋಡಣೆ ಬಿಟ್ಟು ಅಂಚು ಮೇಲೆದ್ದಿತು. ಆ ಅಂಚಿಗೆ ಕಾಲು ಸಿಕ್ಕಿ ಬಿದ್ದವಳು ಉಮರಸಾಬನ ಮಗಳು ಮೆಹಜಬೀನ. ಹದಿಮೂರರ ಹುಡುಗಿ, ಜಿಲ್ಲೆಯ ಖೋ ಖೋ ತಂಡಕ್ಕೆ ಆಯ್ಕೆಯಾಗಿ ಇನ್ನೂ ವಾರವಾಗಿರಲಿಲ್ಲ. ಮೊಳಕಾಲು ತಿರುಚಿ ಹೋಗಿ ಅವಳ ಓಟ ಅಲ್ಲಿಗೆ ಮುಗಿಯಿತು.

ಜನ ಕೇಳಲು ಬಂದಾಗ ಹನುಮೇಶ ಒಂದೇ ಮಾತಿನಲ್ಲಿ ಕೈ ತೊಳೆದುಕೊಂಡ.

“ಜೋಡಿಸಿದಾಂವ ಆಕಿ ಅಪ್ಪನ ಅದಾನ. ಅವನ್ನ ಕೇಳ್ರಿ.”

ಊರು ನಂಬಿತು. ಗಿರಣಿಯವರು ತಾಡಪಾಲು ಬೇರೆ ಕಡೆ ಕಳಿಸತೊಡಗಿದರು. ಅದನ್ನೂ ಅವನು ನುಂಗಿಕೊಳ್ಳುತ್ತಿದ್ದ. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಮಗಳು, ಅದನ್ನು ಜೋಡಿಸಿದ್ದು ನೀನೇನಾ ಎಂದು ಕೇಳಿದಳು. ಅಂಟು ಸವರಿದ್ದು ಅವನ ಕೈಯೇ. ಹೌದೆಂದರೂ ಸುಳ್ಳು, ಅಲ್ಲವೆಂದರೂ ಸುಳ್ಳು. ಅವನು ಸುಮ್ಮನಾದ. ಅವಳು ಆ ಮೌನವನ್ನು ಒಪ್ಪಿಗೆ ಎಂದುಕೊಂಡು ಮುಖ ಗೋಡೆಗೆ ತಿರುಗಿಸಿದಳು. ಅಂದಿನಿಂದ ಒಂದೇ ಮನೆಯಲ್ಲಿ ಉಂಡರೂ ಅಪ್ಪನ ಮುಖ ನೋಡಿ ಮಾತಾಡಿದವಳಲ್ಲ. ಹನುಮೇಶನ ಬಾಯಿಂದ, ಮಗಳ ಎದುರಿಗೆ, ನಿಜ ಹೊರಡಿಸಬೇಕು. ಉಮರಸಾಬ ಬದುಕಿದ್ದುದೇ ಆ ಹಟಕ್ಕೆ.

ಈ ವರ್ಷ ಹಳೆಯ ಹುಲ್ಲು ಕಿತ್ತು ಹೊಸದು ಹಾಕುವುದೆಂದಾಯಿತು. ಹೊಸದು ಒಂದೇ ಬಗೆಯ ಪ್ಲಾಸ್ಟಿಕ್ಕಿನದು. ಸವೆದ ಮೇಲೆ ಕರಗಿಸಿ ಮತ್ತೆ ಹುಲ್ಲೇ ಮಾಡಬಹುದು. ಅದಕ್ಕೆ ಅಂಟು ಸೋಕಬಾರದು, ಅದೇ ಪ್ಲಾಸ್ಟಿಕ್ಕಿನ ದಾರದಲ್ಲಿ ಹೊಲಿಯಬೇಕು. ಗುತ್ತಿಗೆ ಮತ್ತೆ ಹನುಮೇಶನಿಗೇ ಸಿಕ್ಕಿತು, ನಾಚಿಕೆಗೆಟ್ಟವರ ನಸೀಬೇ ಹಾಗೆ. ಕೊಪ್ಪಳದಿಂದ ಕರೆಸಿದ ಆಳುಗಳು ಎರಡು ದಿನ ದಬ್ಬಣ ಹಿಡಿದು, ಕೈ ಬೊಬ್ಬೆ ಬಂದು ಓಡಿಹೋದರು. ಆಗ ಹನುಮೇಶ ಉಮರಸಾಬನ ಬಾಗಿಲಿಗೆ ಬಂದ. ಅಂದು ಹೆಸರು ಹಿಡಿದು ಕೂಗುತ್ತಿದ್ದವನು ಈಗ ಚಾಚಾ ಎಂದ. ಉಮರಸಾಬ ತಕ್ಷಣ ಒಪ್ಪಿದ. ಹೆಂಡತಿ ಕಾಸೀಮಬೀ, ಮಾನ ಇಲ್ಲವೇ ನಿನಗೆ ಎಂದು ಗೋಳಾಡಿದಳು. ಅವನು ದಬ್ಬಣ ಮಸೆಯುತ್ತ ಕೂತಿದ್ದ.

ಒಂದು ಜೋಡಣೆ ಸಡಿಲ ಬಿಡಬೇಕು ಎಂದು ಮೊದಲ ದಿನವೇ ಅನ್ನಿಸಿತು. ಆದರೆ ಮೈದಾನದಲ್ಲಿ ಓಡುವವನು ಹನುಮೇಶನಲ್ಲ, ಮಕ್ಕಳು. ಆ ಯೋಚನೆಗೆ ಅವನು ಅಲ್ಲೇ ಥೂ ಎಂದ. ಸೇಡು ಬಿಟ್ಟನೆಂದಲ್ಲ, ದಾರಿ ಬದಲಿಸಿದ.

ಆ ಹುಲ್ಲಿನ ಎಸಳು ಆಡಿನ ಬೆನ್ನ ಕೂದಲಿನ ಹಾಗೆ ಒಂದೇ ಕಡೆ ವಾಲಿರುತ್ತದೆ. ಒಂದು ಪಟ್ಟಿಯನ್ನು ಆಚೆ ತುದಿ ಈಚೆಗೆ ಬರುವಂತೆ ತಿರುವಿ ಹಾಕಿದರೆ ಕಾಲಿಗೆ ಏನೂ ಗೊತ್ತಾಗುವುದಿಲ್ಲ, ಓರೆ ಬಿಸಿಲಿನಲ್ಲಿ ದೂರದಿಂದ ನೋಡಿದರೆ ಬಣ್ಣವೇ ಬೇರೆ ಕಾಣುತ್ತದೆ. ಮೆಹಜಬೀನ ಬಿದ್ದ ಜಾಗದ ಪಟ್ಟಿಯನ್ನು ಉಮರಸಾಬ ತಿರುವಿ ಹಾಸಿದ. ಬೇರೆಯವರು ಬಿಚ್ಚಲು ಹೋದರೆ ಹುಲ್ಲೇ ಹರಿಯಬೇಕು, ಹಾಗೆ ಒತ್ತಾಗಿ ಹೊಲಿದ. ಹನುಮೇಶನಿಗೆ ಇದ್ದುದು ಒಂದೇ ಅಂಜಿಕೆ, ಜೋಡಣೆ ಬಿಟ್ಟೀತೆಂದು. ನಡು ಮಧ್ಯಾಹ್ನ ಬಂದು, ತಲೆ ಬಗ್ಗಿಸಿ, ಒಂದೊಂದು ಹೊಲಿಗೆಯನ್ನೂ ಬೂಟಿನಿಂದ ಒದ್ದು ನೋಡಿದ. ಯಾವುದೂ ಅಲುಗಲಿಲ್ಲ. ತಲೆ ಎತ್ತಿ ನೋಡದೆಯೇ ಖುಷಿಯಾಗಿ ಹೋದ.

ಉದ್ಘಾಟನೆಯ ಸಂಜೆ ಬಿಸಿಲು ಓರೆಯಾದಾಗ ವೇದಿಕೆಯ ಮೇಲಿದ್ದವರಿಗೆಲ್ಲ ಕಂಡಿತು: ಹಸಿರು ಮೈದಾನಕ್ಕೆ ಅಡ್ಡಲಾಗಿ ಕಪ್ಪನೆಯ ಪಟ್ಟಿ. ಮೈದಾನದ ಸಮಿತಿಯ ಅಧ್ಯಕ್ಷೆ ನೇತ್ರಾವತಿ ಟೀಚರು, ಮೆಹಜಬೀನಳಿಗೆ ಖೋ ಖೋ ಕಲಿಸಿದವರೇ, ಇದು ಇತ್ಯರ್ಥವಾಗದೆ ಕೆಲಸ ಒಪ್ಪುವುದಿಲ್ಲ ಎಂದುಬಿಟ್ಟರು. ಬೆಳಗಾಗುತ್ತಲೇ ಹನುಮೇಶ ಉಮರಸಾಬನ ಅಂಗಳದಲ್ಲಿದ್ದ. ಒಂದು ಪಟ್ಟಿ ತಿರುವುಮುರುವಾಗಿ ಬಿದ್ದಿದೆ, ಬಿಚ್ಚಿ ಸರಿ ಮಾಡು ಎಂದು ಅಂಗಲಾಚಿದ.

“ಅದು ಬಿದ್ದದ್ದಲ್ಲ ಸಾವ್ಕಾರ್ರ, ನಾನ ತಿರುವಿ ಹಾಕೇನಿ. ನನ್ನ ಮಗಳು ಬಿದ್ದ ಜಾಗಾ ಅದು. ಅವತ್ತ ಹೊಲಿಯೂದು ಬ್ಯಾಡ ಅಂದಾವ್ರು ಯಾರು ಅಂತ ಅಲ್ಲೇ ನಿಂತು ಆಕಿ ಮುಂದ ಹೇಳ್ರಿ. ಆಮ್ಯಾಲ ಮಾತಾಡೂಣು.”

ಹನುಮೇಶ ಹಾರಾಡಿದ, ಬೆದರಿಸಿದ, ಕೊನೆಗೆ ಸಂಜೆ ಮೈದಾನಕ್ಕೆ ಬಂದ. ಆಡುವ ಮಕ್ಕಳು, ಅವರ ಅವ್ವ ಅಪ್ಪ, ಟೀಚರು, ಎಲ್ಲರೂ ಸೇರಿದ್ದರು. ಮೆಹಜಬೀನ ಕಾಲೆಳೆದುಕೊಂಡು ಬಂದು ನಿಂತಳು. ಹನುಮೇಶ ಮೊದಲು ಗೊಣಗಿದ. ಕೇಳಿಸಲಿಲ್ಲ ಎಂದ ಉಮರಸಾಬ. ಅವನ ಎದೆಯೊಳಗೆ ನಾಲ್ಕು ವರ್ಷದ ಉರಿ ತಣ್ಣಗಾಗುತ್ತಿತ್ತು, ಆ ಸುಖವನ್ನು ಅವನು ಬಚ್ಚಿಡಲೂ ಇಲ್ಲ.

“ಹೊಲಿಯೂದು ಬ್ಯಾಡ ಅಂದಾಂವ ನಾನ. ಅಂಟು ಕಡಿಮಿ ಕೊಟ್ಟಾಂವನೂ ನಾನ. ಉಮರಸಾಬಂದು ತಪ್ಪಿಲ್ಲ,” ಎಂದ ಹನುಮೇಶ, ಈ ಸಲ ಗಟ್ಟಿಯಾಗಿ.

ಮೆಹಜಬೀನ ಅಪ್ಪನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಹನುಮೇಶ ಅವಸರ ಮಾಡಿ, ಇನ್ನಾದರೂ ಪಟ್ಟಿ ಬಿಚ್ಚು ಎಂದ. ಉಮರಸಾಬ ದಬ್ಬಣ ತೆಗೆದು ಮಗಳ ಕೈಗೆ ಕೊಟ್ಟ, ನೀನು ಹೇಳಿದ ಹಾಗೆ ಎಂದ. ಅವಳು ಆ ಪಟ್ಟಿಯ ಉದ್ದಕ್ಕೂ ಕುಂಟುತ್ತ ನಡೆದು, ತಿರುಗಿ ಬಂದು, ದಬ್ಬಣವನ್ನು ಅಪ್ಪನ ಜೇಬಿಗೆ ಹಾಕಿದಳು.

“ಇರ್ಲಿ ಬಿಡು ಅಬ್ಬಾ, ಕಾಲಿಗೇನೂ ತ್ರಾಸಿಲ್ಲ,” ಎಂದವಳು ಹನುಮೇಶನ ಕಡೆ ತಿರುಗಿದಳು. “ನೋಡಿದಾವ್ರು ಇದ್ಯಾಕ ಹಿಂಗೈತಿ ಅಂತ ಕೇಳ್ತಾರ. ನೀವ ಬಂದು ಹೇಳ್ರಿ.”

ಪಟ್ಟಿ ಹಾಗೇ ಇರಲಿ ಎಂದು ನೇತ್ರಾವತಿ ಟೀಚರು ಅಲ್ಲೇ ಬರೆದು ರುಜು ಹಾಕಿದರು. ಆ ಹುಲ್ಲಿಗೆ ಹತ್ತು ವರ್ಷ ಬಾಳಿಕೆಯಂತೆ.